ಮೂರನೆಯ ಅಧ್ಯಾಯದ ಜ್ವರ

ನನ್ನದೊಂದು ಕೆಟ್ಟ ಚಟವನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಈಚೆಗೆ ಯಾವ ಕಾದಂಬರಿ ಓದಿದರೂ, ಯಾರಾದರೂ ಸತ್ತ ಪುಟ ಬಂದೊಡನೆ ಪೆನ್ಸಿಲ್ ತೆಗೆದು ಅಂಚಿನಲ್ಲಿ ‘ಆ ಹೊತ್ತಿಗೆ ಉಳಿದವರೆಲ್ಲ ಎಲ್ಲಿದ್ದರು?’ ಎಂದು ಬರೆಯುತ್ತೇನೆ. ಒಂದು ಕಾಲಕ್ಕೆ ಅದೇ ಅಂಚಿನಲ್ಲಿ ‘ಆಹಾ’ ಎಂದು ಬರೆಯುತ್ತಿದ್ದವಳು ನಾನು.

ಈ ಚಟ ಹತ್ತಿಸಿದವರು ಬಸಣ್ಣ. ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತರಾದವರು. ಕೊಟ್ಟೂರಿನಲ್ಲಿ ನಾವು ಆರೇಳು ಮಂದಿ ಭಾನುವಾರ ಮಧ್ಯಾಹ್ನ ಕೂಡಿ ಒಂದು ಪುಸ್ತಕ ಚರ್ಚಿಸುತ್ತೇವೆ, ಮಂಡಕ್ಕಿ ಮಿರ್ಚಿ ತಿನ್ನುತ್ತೇವೆ. ಪುಸ್ತಕದ ಬಗ್ಗೆ ಎಂದೂ ಕೂಡದ ಒಮ್ಮತ ಮಿರ್ಚಿಯ ಬಗ್ಗೆ ಕೂಡುತ್ತದೆ. ಒಂದು ವಾರ ನನ್ನ ಸರದಿ. ಬಿ.ಎ.ಯಲ್ಲಿ ನಮಗೆ ಪಠ್ಯವಾಗಿದ್ದ ಹಳೆಯ ಕಾದಂಬರಿಯೊಂದನ್ನು ಆರಿಸಿದ್ದೆ. ಹೆಸರು ಹೇಳುವುದಿಲ್ಲ, ಅದನ್ನು ಪ್ರೀತಿಸುವವರು ಇನ್ನೂ ಬದುಕಿದ್ದಾರೆ. ಅದರ ಮೂರನೆಯ ಅಧ್ಯಾಯದಲ್ಲಿ ನಾಯಕನ ಮೊದಲ ಹೆಂಡತಿ ಜ್ವರ ಬಂದು ತೀರಿಕೊಳ್ಳುತ್ತಾಳೆ. ಅದಕ್ಕೆ ಕಾದಂಬರಿಕಾರರು ಒಂದೇ ಒಂದು ವಾಕ್ಯ ಖರ್ಚು ಮಾಡಿದ್ದಾರೆ. ನಾಯಕನ ದುಃಖಕ್ಕೆ ಹನ್ನೊಂದು ಪುಟ. ಐದನೆಯ ಅಧ್ಯಾಯಕ್ಕೆ ಎರಡನೆಯ ಹೆಂಡತಿ ಅಕ್ಕಿ ಸೇರು ಒದ್ದು ಒಳಗೆ ಬರುತ್ತಾಳೆ.

ಆ ಹನ್ನೊಂದು ಪುಟ ಓದಿ ಹಾಸ್ಟೆಲಿನಲ್ಲಿ ಅತ್ತಿದ್ದೆ ಎಂದು ಎಲ್ಲರಿಗೂ ಹೇಳಿದೆ. ಮನೆಗೆ ಬಂದು ಆ ವರ್ಷದ ದಿನಚರಿ ತೆಗೆದು ನೋಡಿದರೆ, ‘ವಿರಹವರ್ಣನೆ ಮುಖ್ಯ, ಹತ್ತು ಅಂಕಕ್ಕೆ ಬರಬಹುದು’ ಎಂದಷ್ಟೇ ಇತ್ತು. ಕಣ್ಣೀರನ್ನು ಆಮೇಲೆ ಯಾವಾಗಲೋ ಸೇರಿಸಿಕೊಂಡಿರಬೇಕು. ನನ್ನ ನೆನಪಿನ ಸಾಕ್ಷ್ಯವನ್ನು ನೀವೂ ಇಷ್ಟೇ ಜಾಗರೂಕತೆಯಿಂದ ನಂಬಿ.

ನಾನು ಹೇಳಿದ್ದನ್ನೆಲ್ಲ ಕೇಳಿ ಬಸಣ್ಣ ಮಿರ್ಚಿಯ ತೊಟ್ಟು ಕಿತ್ತಿಟ್ಟು ಕೇಳಿದರು:

“ಅದೆಲ್ಲಾ ಸರಿ ಮೇಡಂರೀ. ಆ ಹೆಣ್ಮಗಳು ಸತ್ತಿದ್ದು ಎಲ್ಲಿ?”

“ಜ್ವರ ಬಂದು ಸತ್ತಳು ಅಂತ ಐತಲ್ರಿ.”

“ಹೆಂಗ ಅಂತ ಕೇಳಲಿಲ್ಲ ನಾನು. ಎಲ್ಲಿ? ಯಾವ ಠಾಣಾ ಸರಹದ್ದಿನಾಗ?”

ಪುಟ ತಿರುವಿ ತಿರುವಿ ನೋಡಿದೆವು. ಎಲ್ಲಿ ಸತ್ತಳೆಂದು ಬರೆದೇ ಇಲ್ಲ. ಅವಳ ಹೆಸರೂ ಇಲ್ಲ. “ಜಾಗ ಇಲ್ಲ, ಹೆಸರಿಲ್ಲ, ಪಂಚನಾಮಿ ಇಲ್ಲ. ಇಂಥಾ ಫೈಲು ನಾ ತಗಂಡು ಹೋಗಿದ್ರ ಸಾಹೇಬ್ರು ಮಕದ ಮ್ಯಾಲೆ ಒಗೀತಿದ್ರು,” ಎಂದರು ಬಸಣ್ಣ. ಹಾಗೆ ಹುಟ್ಟಿತು ನಮ್ಮ ಯೋಜನೆ: ಈ ಕಾದಂಬರಿಯನ್ನೇ ಕೊಲೆಯ ಪತ್ತೇದಾರಿಯನ್ನಾಗಿ ತಿರುಗಿಸಿ ಬರೆಯುವುದು. ಬರೆಯುವ ಕೆಲಸ, ಹೆಚ್ಚು ಓದಿದವಳೆಂಬ ತಪ್ಪಿಗೆ, ನನ್ನ ಪಾಲಿಗೆ ಬಂತು.

ಬರೆಯಲು ಕುಳಿತಾಗಲೇ ಗೊತ್ತಾದದ್ದು, ನಮ್ಮ ಹಳೆಯ ಕಾದಂಬರಿಗಳಲ್ಲಿ ಜ್ವರದಷ್ಟು ವಿಧೇಯ ಆಳು ಇನ್ನೊಬ್ಬನಿಲ್ಲ ಎಂದು. ಹಾವು ಕಚ್ಚಬೇಕಾದರೆ ಹುತ್ತ ಬೇಕು, ಬಾವಿಗೆ ಬೀಳಬೇಕಾದರೆ ಬಾವಿ ಬೇಕು. ಜ್ವರಕ್ಕೆ ಏನೂ ಬೇಡ. ಕರೆದಾಗ ಬರುತ್ತದೆ, ತೋರಿಸಿದವರನ್ನು ಒಯ್ಯುತ್ತದೆ, ಯಾರ ಕೈಗೂ ಮಸಿ ಹತ್ತಿಸುವುದಿಲ್ಲ. ನಾನು ಸತ್ತವಳ ಅತ್ತೆಯ ಮೇಲೆ ಸಂಶಯ ಹಾಕಿ ಎರಡು ಅಧ್ಯಾಯ ಬರೆದೆ. ಚಪ್ಪೆ ಅನ್ನಿಸಿ ವೈದ್ಯನ ಮೇಲೆ ಹಾಕಿದೆ. ಬಸಣ್ಣ ಎರಡನ್ನೂ ತಳ್ಳಿಹಾಕಿದರು. ಅವರ ತಲೆಯಲ್ಲಿ ಇನ್ನೂ ಸರಹದ್ದೇ ಕೂತಿತ್ತು.

“ಒಂದ್ಸಲ ಹೊಲದ ಬದುವಿನ ಮ್ಯಾಲೆ ಹೆಣ ಬಿದ್ದಿತ್ರೀ. ಆಕಡಿ ಒಂದು ಠಾಣಾ, ಈಕಡಿ ನಮ್ಮದು. ನಾವು ಹೋಗೋದರಾಗ ಆಕಡಿ ಇದ್ದ ಹೆಣ ಈಕಡಿ ಬಂದಿತ್ತು. ನಾವೇನು ಕಮ್ಮಿ? ಚಾ ಕುಡದು ಬರೋದರಾಗ ಮತ್ತ ಆಕಡಿ ಹೋಗಿತ್ತು. ಸತ್ತವರಿಗೂ ಕಾಲು ಬರ್ತಾವ ಬಿಡ್ರಿ!”

ಎಲ್ಲರೂ ನಕ್ಕೆವು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆನೆಂದು ದಿನಚರಿಯಲ್ಲಿದೆ.

ಆ ದಿನಗಳಲ್ಲಿ ಅವ್ವ ನನ್ನ ಮನೆಯಲ್ಲಿದ್ದಳು. ಅಪ್ಪ ಹೋದ ಮೇಲೆ ಒಂದು ತಿಂಗಳು ಹಗರಿಬೊಮ್ಮನಹಳ್ಳಿಯ ತಮ್ಮನ ಮನೆ, ಒಂದು ತಿಂಗಳು ಇಲ್ಲಿ ಎಂದು ನಾವೇ ಏರ್ಪಾಡು ಮಾಡಿದ್ದೆವು. ಅವಳಿಗೆ ಉಬ್ಬಸ ಹೆಚ್ಚಾದಂತೆ ತಿಂಗಳು ಹದಿನೈದು ದಿನವಾಯಿತು, ಹದಿನೈದು ದಿನ ವಾರವಾಯಿತು. ತಮ್ಮ ಫೋನು ಮಾಡಿ, “ಅಕ್ಕಾ, ಅವ್ವ ನಿನ್ನ ಭಾಳ ನೆನಸ್ತಾಳ,” ಎನ್ನುತ್ತಿದ್ದ. ವಾರ ಕಳೆದೊಡನೆ ನಾನು, “ಮೊಮ್ಮಕ್ಕಳನ್ನ ಕೇಳಾಕ ಹತ್ಯಾಳಪ್ಪ,” ಎನ್ನುತ್ತಿದ್ದೆ. ಉಬ್ಬಸ ಏರಿದಷ್ಟೂ ಎರಡೂ ಮನೆಗಳ ವಾತ್ಸಲ್ಯ ಏರುತ್ತಿತ್ತು. ಈ ಸಲ ಸೋಮವಾರ ಕಳಿಸುವುದೆಂದು ನಿಶ್ಚಯವಾಗಿತ್ತು. ನಾನು ಪಾಠ ಮಾಡುವ ಕಾಲೇಜಿನಲ್ಲಿ ಪರೀಕ್ಷೆ ಇದೆ ಎಂದು ತಮ್ಮನಿಗೆ ಹೇಳಿದ್ದೆ. ಪರೀಕ್ಷೆ ಇದ್ದದ್ದು ನಿಜ. ಅದಕ್ಕೂ ಅವ್ವನಿಗೂ ಏನು ಸಂಬಂಧ ಎಂದು ತಮ್ಮ ಕೇಳಲಿಲ್ಲ. ಅಷ್ಟು ಸೂಕ್ಷ್ಮತೆ ಅವನಿಗಿದೆ.

ಶನಿವಾರ ಹಿರಿಯರ ಹಬ್ಬ. ಅವ್ವ ಪ್ರತಿ ವರ್ಷದಂತೆ ಎಡೆಯಿಟ್ಟಳು. ಅಪ್ಪನ ಪಟದ ಮುಂದೆ ಪಂಚೆ, ಪಕ್ಕದಲ್ಲಿ ಒಂದು ಹಸಿರು ಸೀರೆ. ಅವ್ವ ಅಪ್ಪನಿಗೆ ಎರಡನೆಯ ಹೆಂಡತಿ. ಸೀರೆ ಮೊದಲನೆಯವಳದು, ಪೂಜೆಯಾದ ಮೇಲೆ ಅವ್ವ ಅದನ್ನು ತೆಗೆದು ತಾನುಡುತ್ತಾಳೆ. ಮೊದಲನೆಯವಳ ಪಟ ನಮ್ಮಲ್ಲಿಲ್ಲ. ಅವ್ವ ಒಂದು ಚೊಂಬು ನೀರು ಒಯ್ದು ಹೊಸ್ತಿಲ ಹೊರಗಿಟ್ಟಳು. ನಲವತ್ತು ವರ್ಷ ನೋಡಿಯೂ ನೋಡದಿದ್ದ ಆ ಚೊಂಬನ್ನು ಅಂದು ನನ್ನ ಪತ್ತೇದಾರಿ ಕಣ್ಣು ಹಿಡಿಯಿತು.

“ನೀರು ಹೊರಗ್ಯಾಕವ್ವ?”

“ನಿಮ್ಮಜ್ಜಿ ಇಡು ಅಂದಿದ್ಳು, ಇಡ್ತೀನಿ.”

“ಆಕಿ ಹೆಂಗ ಸತ್ಳು?”

“ಅಕ್ಕನಾ? ಜ್ವರ ಬಂದು ಹೋದ್ಳು.”

ಕಾದಂಬರಿಯ ಅದೇ ವಾಕ್ಯ. ನಮ್ಮ ಮನೆಯ ಮೂರನೆಯ ಅಧ್ಯಾಯ.

“ಎಲ್ಲಿ ಹೋದ್ಳು?”

ಅವ್ವ ಸೀರೆಯ ನೆರಿಗೆ ಹಿಡಿಯುತ್ತ, “ನಿಮ್ಮತ್ತಿನ್ನ ಕೇಳು. ಆಕಿ ಸಂಗಾಟ ಇದ್ಳು,” ಎಂದಳು.

ಅಪ್ಪನ ತಂಗಿ ಚಿಗಟೇರಿಯಲ್ಲಿದ್ದಾಳೆ. ಭಾನುವಾರ ಬಸ್ಸು ಹತ್ತಿ ಹೋದೆ. ಅತ್ತೆ ಮೊರದಲ್ಲಿ ಶೇಂಗಾ ಹಸನು ಮಾಡುತ್ತಿದ್ದಳು. ನಾನು ಕೇಳಿದ್ದಕ್ಕೆ ತಲೆ ಎತ್ತದೆ ಹೇಳಿದಳು:

“ಬಿಟ್ಟು ಬಿಟ್ಟು ಜ್ವರ ಬರ್ತಿತ್ತು ಆಕಿಗೆ. ತವರಾಗ ಆರೈಕಿ ಚಲೋ ಆಕ್ಕೈತಿ ಅಂತ ನಿಮ್ಮಪ್ಪ ಹಿರೇಹಡಗಲಿಗೆ ಕಳಿಸಿದ. ಅಲ್ಲಿ ಆಕಿ ಅಣ್ಣಗಳು ನಾಕು ದಿನ ಇಟ್ಕಂಡು, ಮುತ್ತೈದಿ ಹೆಣ್ಮಗಳು, ಹೆಚ್ಚುಕಮ್ಮಿ ಆದ್ರ ಗಂಡನ ಮನ್ಯಾಗ ಆಗ್ಲಿ ಅಂತ ವಾಪಸ್ ಕಳಿಸಿದ್ರು. ಮತ್ತ ನಾವು ಕಳಿಸಿದ್ವಿ. ಮತ್ತ ಅವ್ರು. ಮೂರನೇ ಸಲ ನಾನೇ ಕರಕಂಡು ಹೊಂಟಿದ್ದೆ. ಕೊಟ್ಟೂರಾಗ ಬಸ್ಸು ಬದಲಿ ಮಾಡಬೇಕಿತ್ತು. ಬೇವಿನ ಗಿಡದ ಕೆಳಗ ಕುಂದ್ರಿಸಿ ನೀರು ತರಾಕ ಹೋದೆ. ಬರೋದರಾಗ ಹೋಗ್ಯಾಳ.”

“ಹಂಗಾದ್ರ ಯಾರ ತಪ್ಪು ಅತ್ತಿ?”

“ಯಾರದಂತ ಹೇಳ್ಲಿ ಯವ್ವಾ? ನಿಮ್ಮಪ್ಪ ಕೆಟ್ಟವನಲ್ಲ. ಆಕಿ ಅಣ್ಣಗಳೂ ಕೆಟ್ಟವರಲ್ಲ. ನಮ್ಮ ಮನ್ಯಾಗ ಸಾಯಲಿಲ್ಲ ಅಂತ ನಾವಂದ್ವಿ, ನಮ್ಮ ಮನ್ಯಾಗ ಸಾಯಲಿಲ್ಲ ಅಂತ ಅವ್ರಂದ್ರು. ಇಬ್ಬರದೂ ಖರೇನ ಆತು. ಹೊರಗ ಸತ್ತಾಕಿ ಪಾಲು ಹೊರಗ ಅಂತ ನಮ್ಮವ್ವ ನೀರು ಇಡಿಸಿದ್ಳು.”

“ಆಕಿ ಹೆಸರೇನು?”

ಮೊರ ನಿಂತಿತು. “ಗೌರಮ್ಮ. ಯಾರೂ ಕರೀತಿರಲಿಲ್ಲ.”

ಹಿಂದಿರುಗುವ ಬಸ್ಸಿನಲ್ಲಿ ನನ್ನ ಪತ್ತೇದಾರಿ ಕೆಲಸ ಮುಗಿಯಿತು. ವಿಷವಿಲ್ಲ, ಕತ್ತಿಯಿಲ್ಲ, ಕೆಟ್ಟ ಮನುಷ್ಯ ಒಬ್ಬನೂ ಇಲ್ಲ. ಎರಡು ಮರ್ಯಾದಸ್ಥ ಮನೆಗಳು, ನಡುವೆ ಒಂದು ಬಸ್ಸು. ಪತ್ತೇದಾರರು ಸಾವಿನಿಂದ ಲಾಭ ಯಾರಿಗೆ ಎಂದು ಹುಡುಕುತ್ತಾರಂತೆ. ಹುಡುಕಿದೆ. ಗೌರಮ್ಮ ಬದುಕಿದ್ದರೆ ಅವ್ವ ಆ ಮನೆಗೆ ಬರುತ್ತಿರಲಿಲ್ಲ, ನಾನು ಹುಟ್ಟುತ್ತಿರಲಿಲ್ಲ, ಸಾಹಿತ್ಯದಲ್ಲಿ ಎಂ.ಎ. ಮಾಡಿ ಹನ್ನೊಂದು ಪುಟಕ್ಕೆ ಅತ್ತೆನೆಂದು ಹೇಳಿಕೊಳ್ಳುತ್ತಿರಲಿಲ್ಲ. ಕೊಟ್ಟೂರಿನಲ್ಲಿ ಇಳಿದು ಬೇವಿನ ಮರ ಹುಡುಕಿದೆ. ಮರ ಇರಲಿಲ್ಲ. ಅಲ್ಲೊಂದು ಮರ ಇದ್ದದ್ದು ನನಗೆ ಚೆನ್ನಾಗಿ ನೆನಪಿದೆ ಎಂದು ಅರೆಕ್ಷಣ ಅನ್ನಿಸಿತು. ನಂಬಲಿಲ್ಲ.

ಮನೆಗೆ ಬಂದರೆ ಅವ್ವ ಬಟ್ಟೆ, ಔಷಧಿ, ಉಬ್ಬಸದ ಪಂಪು ಎಲ್ಲ ತುಂಬಿ ಚೀಲವನ್ನು ಬಾಗಿಲ ಬಳಿ ಇಟ್ಟುಕೊಂಡು ಕೂತಿದ್ದಳು.

“ನಾಳೆ ಎಷ್ಟಕ್ಕೈತಿ ಬಸ್ಸು?”

“ನಾಳೆ ಬ್ಯಾಡ. ಇಲ್ಲೇ ಇರು.”

“ಪರೀಕ್ಷೆ ಐತಿ ಅಂದಿದ್ದಿ?”

“ಇರ್ಲಿ ಬಿಡವ್ವ. ಇನ್ನ ಮ್ಯಾಲೆ ಇಲ್ಲೇ ಇರು.”

ಅವಳೆದುರೇ ತಮ್ಮನಿಗೆ ಫೋನು ಮಾಡಿದೆ. ಅವನು ಕಾರಣ ಕೇಳಲಿಲ್ಲ. “ನಿನ್ನ ಹತ್ರ ಇದ್ರ ಆಕಿಗೂ ಸಮಾಧಾನ,” ಎಂದ. ಅವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಅತ್ತೆ ಏನು ಹೇಳಿದಳೆಂದು ಕೇಳಲಿಲ್ಲ. ಅವಳಿಗೆ ಎಂದಿನಿಂದ ಗೊತ್ತಿತ್ತೋ! ಪ್ರತಿ ಸಲ ಬಸ್ಸು ಹತ್ತುವಾಗ ಆ ಹಸಿರು ಸೀರೆಯನ್ನು ನೆನೆಯುತ್ತಿದ್ದಳೋ! ಕೇಳುವ ಧೈರ್ಯ ನನಗೆ ಬರಲಿಲ್ಲ. ಏನಾದರೂ ಮಾಡಬೇಕಲ್ಲ ಎಂದು ಚೀಲದ ಜಿಪ್ಪಿಗೆ ಕೈ ಹಾಕಿದೆ.

ಅವ್ವ ನನ್ನ ಕೈ ಮೇಲೆ ಕೈಯಿಟ್ಟಳು. ಬೇಸರವಿರಲಿಲ್ಲ ಆ ದನಿಯಲ್ಲಿ, ಮಗಳನ್ನು ಬಲ್ಲ ತಾಯಿಯ ನಗುವಿತ್ತು.

“ಇರ್ತೀನಿ ಬಿಡು. ಆದ್ರ ಚೀಲ ಬಿಚ್ಚಬ್ಯಾಡ.”