ಕಂಪ್ಯೂಟರ್ ಪರೀಕ್ಷೆ ತಂದ ಮೇಡಂ

ಮೇಡಂ ಉಟ್ಟ ಸೀರೆ ಯಾವ ಬಣ್ಣದ್ದೇ ಇರಲಿ, ಕಾಲೇಜು ಮುಟ್ಟುವಷ್ಟರಲ್ಲಿ ಅದರ ಅಂಚು ಬೂದಿಬಣ್ಣಕ್ಕೆ ತಿರುಗಿರುತ್ತಿತ್ತು. ಶಹಾಬಾದಿನಿಂದ ಹೊರಟು, ವಾಡಿಯಲ್ಲಿ ರೈಲು ಬದಲಿಸಿ ಚಿತ್ತಾಪುರಕ್ಕೆ ಬರುತ್ತಿದ್ದರು. ವಾಡಿಯ ಸಿಮೆಂಟ್ ಧೂಳು ಯಾರನ್ನು ಬಿಟ್ಟಿದೆ? ಕಂಪ್ಯೂಟರ್ ಕೋಣೆಯ ಹೊಸ್ತಿಲಲ್ಲಿ ಆ ಅಂಚನ್ನು ಟಪಟಪ ಝಾಡಿಸಿ, ಚಪ್ಪಲಿ ಬಿಟ್ಟು, ಆಮೇಲೇ ಒಳಗೆ ಹೋಗುವರು.

ನಾನು ಅಲ್ಲಿ ಕಸ ಹೊಡೆದು ಗಂಟೆ ಬಾರಿಸುತ್ತಿದ್ದವಳು. ಓದಿದ್ದು ಮೂರನೇ ಇಯತ್ತೆ. ಗಂಡ ತೀರಿದ ಮೇಲೆ ಸಿಕ್ಕ ಕೆಲಸ, ಇನ್ನೂ ಕಾಯಂ ಆಗಿರಲಿಲ್ಲ. ಮನೆಯಲ್ಲಿ ಮಗಳು, ತೊಟ್ಟಿಲಲ್ಲಿ ಅವಳ ಕೂಸು. ಎಲ್ಲರ ಹೊಟ್ಟೆಗೂ ಅದೊಂದೇ ಪಗಾರ. ಆ ಕೂಸು ಈಗ ಕಾಲೇಜಿನಲ್ಲಿ ಪಾಠ ಹೇಳುತ್ತದೆ ನೋಡಿ! ಹಿಗ್ಗು ತಡೆಯದೆ ಬರೆಯಲು ಕೂತಿದ್ದೇನೆ.

ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಡಿಗ್ರಿ ಮಕ್ಕಳಿಗೆ ಕಂಪ್ಯೂಟರಿನ ಮೇಲೆ ಪರೀಕ್ಷೆ ಮಾಡುತ್ತೇನೆಂದು ಮೇಡಂ ಹಟ ಹಿಡಿದರು. ಸ್ಟಾಫ್ ರೂಮಿನಲ್ಲಿ ಒಬ್ಬರು ಚುಚ್ಚಿದರು, "ಕಲ್ಲು ಒಡಿಯೋರ ಮಕ್ಕಳಿಗಿ ಮೌಸ್ ಹಿಡಿಸ್ತೀರೇನ್ರಿ?"

"ಸುತ್ತಿಗಿ ಹಿಡದ ಕೈರಿ, ಇದೇನ ಭಾರ ಆತದ?" ಎಂದರು ಮೇಡಂ.

ನನಗೆ ಮಾತ್ರ ಮೆಲ್ಲಗೆ ಹೇಳಿದರು, "ಯಕ್ಕಾ, ಇದಕ್ಕ ಯಾರ ಮಗಾ, ಯಾರ ಮಗಳು ಗೊತ್ತಾಗಂಗಿಲ್ಲ. ಉತ್ತರ ಸರಿ ಇದ್ರ ಮಾರ್ಕ್ಸ್, ಇಲ್ಲಂದ್ರ ಇಲ್ಲ."

ಪರೀಕ್ಷೆಯ ಕೊನೇ ಗಂಟೆಯಾದರೂ ಹುಡುಗರು ಪೇಪರು ಬಿಡುತ್ತಿರಲಿಲ್ಲ. ಅದಕ್ಕೆ ನನ್ನದೊಂದು ಉಪಾಯವಿತ್ತು. ಗಂಟೆ ಬಾರಿಸಿ, ವರಾಂಡದ ಮೇನ್ ಸ್ವಿಚ್ ಇಳಿಸಿಬಿಡುವುದು. ಫ್ಯಾನು ನಿಂತರೆ ಸೆಕೆಗೆ ತಾವೇ ಎದ್ದು ಬರುವರು. ಕಂಪ್ಯೂಟರ್ ಪರೀಕ್ಷೆಯ ದಿನವೂ ಹಾಗೇ ಇಳಿಸಿದೆ. ಒಳಗಿನಿಂದ "ಅಯ್ಯೋ!" ಎಂದು ಒಟ್ಟಿಗೇ ಕೂಗೆದ್ದಿತು. ಮಕ್ಕಳು ಕೊಟ್ಟ ಉತ್ತರವೆಲ್ಲ ಅಳಿಸಿಹೋಗಿತ್ತು.

ಪ್ರಿನ್ಸಿಪಾಲ್ ಸಾಹೇಬರು ಓಡಿ ಬಂದರು. "ಯಾರು ಆರಿಸಿದ್ರು? ಯಾರೇ ಇರ್ಲಿ, ನಾಳಿಂದ ಕಾಲೇಜ್ ಕಡಿ ಮುಖ ಹಾಕಬಾರ್ದು!" ಕಣ್ಣು ನನ್ನ ಮೇಲೆಯೇ ಇತ್ತು. ನನಗೆ ತೊಟ್ಟಿಲು ಬಿಟ್ಟು ಬೇರೇನೂ ಕಾಣಲಿಲ್ಲ.

"ನಾ ಆರಿಸೀನ್ರಿ ಸರ್," ಮೇಡಂ ಬಾಗಿಲಿಗೆ ಬಂದು ನಿಂತಿದ್ದರು. "ಎಲ್ಲಾರ್ದೂ ಮುಗೀತಂತ ತಿಳಕೊಂಡೆ."

"ನೀವಾ? ನೀವು ಒಳಗ ಇದ್ರಲ್ರಿ!"

"ಹೊರಗ ಬಂದೇ ಆರಿಸೀನ್ರಿ. ಬರದು ಕೊಡ್ಲೇನು?"

ಬರೆದು ಕೊಟ್ಟೇಬಿಟ್ಟರು. ಸಾಹೇಬರು ಹೋದ ಮೇಲೆ ಅವರ ಕಾಲಿಗೆ ಬಿದ್ದೆ. "ನನ್ನ ಸಲುವಾಗಿ ಸುಳ್ಳು ಹೇಳಿದ್ರಲ್ರಿ!"

"ಏಳ ಯಕ್ಕಾ. ಹುಡುಗರಿಗಿ ಎಲ್ಲಾ ಹೇಳಿಕೊಟ್ಟೆ, ನಿನಗೊಬ್ಬಾಕಿಗೇ ಹೇಳಲಿಲ್ಲ. ತಪ್ಪು ನಂದೇ ಅದ. ನಡಿ, ಚಹಾ ಕುಡ್ಯಾಮು."

ಮಾರನೇ ದಿನ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, ಉತ್ತರ ಒಳಗೆ ಹೋಗಿ ಹೇಗೆ ಉಳಿಯುತ್ತದೆಂದು ತೋರಿಸಿದರು. ಪರೀಕ್ಷೆ ಮತ್ತೊಮ್ಮೆ ನಡೆಯಿತು. ರಾವೂರಿನ ಗಣಿ ಕೆಲಸದವನ ಮಗಳು ಎಲ್ಲರಿಗಿಂತ ಮುಂದೆ ಬಂದಳು. ಚುಚ್ಚಿದ್ದವರೂ ಮುಂದಿನ ವರ್ಷ ಮೇಡಂ ಹತ್ತಿರವೇ ಕಲಿಯಲು ಕೂತರು. ನನ್ನ ಕೆಲಸ ಕಾಯಂ ಆಯಿತು.

ಮೇಡಂ ತೀರಿಕೊಂಡು ಎರಡು ವರ್ಷ. ಮೊನ್ನೆ ಪೇಢೆಯ ಡಬ್ಬಿ ಹಿಡಿದು ಶಹಾಬಾದಿಗೆ, ಅವರ ಮನೆಗೆ ಹೋದೆ. ಮೇಡಂ ಯಜಮಾನರಿಗೆ ನನ್ನ ಗುರುತಿರಲಿಲ್ಲ. ಚಿತ್ತಾಪುರದ ಕಾಲೇಜಿನಲ್ಲಿದ್ದೆ, ಮೊಮ್ಮಗಳು ಲೆಕ್ಚರರ್ ಆದಳು ಎಂದೆ.

"ಅಲ್ಲೇ ನೋಡ್ರಿ, ನಮ್ಮಾಕಿಗಿ ಮೆಮೊ ಬಂದಿತ್ತು," ಎಂದರು ಅವರು. "ಪ್ರಮೋಷನ್ ಎಷ್ಟೋ ವರ್ಷ ನಿಂತೇ ಹೋಯ್ತು. ಯಾರ ತಪ್ಪು ಹೊತಗೊಂಡೀದಿ ಅಂತ ಎಷ್ಟ್ ಸಲ ಕೇಳೀನಿ! ನಗ್ತಿದ್ದಳು, ಹೆಸರು ಹೇಳಲಿಲ್ಲ."

ಪ್ರಮೋಷನ್ ನಿಂತ ಸಂಗತಿ ನನಗೆ ಅವತ್ತಿನವರೆಗೂ ಗೊತ್ತಿರಲಿಲ್ಲ. ಡಬ್ಬಿಯನ್ನು ಅವರ ಮುಂದಿಟ್ಟೆ.

"ನಂದ್ರಿ ಆ ತಪ್ಪು," ಎಂದು ತೊಟ್ಟಿಲ ಕೂಸಿನಿಂದ ಹಿಡಿದು ಎಲ್ಲ ಹೇಳಿದೆ.

ಅವರು ಡಬ್ಬಿಯ ಮುಚ್ಚಳ ತೆರೆದರು. ಆಮೇಲೆ ಒಂದು ಪೇಢೆ ತೆಗೆದು ಬಾಯಿಗೆ ಹಾಕಿಕೊಂಡು ಹೇಳಿದರು: "ನಿಮ್ಮ ಮೊಮ್ಮಗಳ್ನ ಒಮ್ಮೆ ಕರಕೊಂಡ್ ಬರ್ರಿ. ನಮ್ಮಾಕಿ ಪ್ರಮೋಷನ್ ಎಲ್ಲಿ ಹೋಗಿತ್ತಂತ ನಾನೂ ನೋಡ್ತೀನಿ."