ಅವರೆ ಸೊಗಡಿನ ಮೇಲೆ ಮರೂನ್ ಬಣ್ಣ

ಮನುಷ್ಯರ ಬಾಳು ಎಂಥದ್ದೆಂಬುದು ಅವರ ಕೈ ನೋಡಿದರೆ ತಿಳಿಯುತ್ತದೆ ಎಂದು ಹಿರಿಯರು ಹೇಳುತ್ತಿದ್ದರು. ಹಾಗೆ ಹೇಳಿದ ಹಿರಿಯರು ಒಬ್ಬರಾದರೂ ಅವರೆಕಾಯಿ ಸುಲಿಯಲು ಕೂತದ್ದನ್ನು ನಾನು ಕಂಡಿಲ್ಲ.

ಸಂಕ್ರಾಂತಿ ಕಳೆದು ಎರಡು ವಾರವಾದರೂ ಸಾಸಲಿನ ನಮ್ಮ ಮನೆಗೆ ಅವರೆಕಾಯಿ ಮೂಟೆಯಲ್ಲೇ ಬರುತ್ತಿತ್ತು. ಸುಲಿದು ಸುಲಿದು ಸೊಗಡು ಹತ್ತಿ ನನ್ನ ಹತ್ತೂ ಉಗುರು ಕಪ್ಪಾಗಿ ಟ್ರ್ಯಾಕ್ಟರ್ ಮೆಕ್ಯಾನಿಕ್ಕನ ಉಗುರಿನಂತಾಗಿದ್ದವು. ಮಾರನೆಯ ದಿನ ದೊಡ್ಡಬಳ್ಳಾಪುರದಲ್ಲಿ ತಮ್ಮನ ಮಗಳ ನಿಶ್ಚಿತಾರ್ಥ ಇರದಿದ್ದರೆ ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. ಸೋದರತ್ತೆ ಎಂಬ ಪದವಿಯ ಮೇರೆಗೆ ಗಂಡಿನ ಕಡೆಯವರಿಗೆ ತಾಂಬೂಲದ ತಟ್ಟೆ ಕೊಡಬೇಕಾದವಳು ನಾನು. ಆ ಹೊತ್ತಿಗೆ ಫೋಟೋದವನು ಮುಖ ಬಿಟ್ಟು ಕೈಯನ್ನೇ ಹಿಡಿಯುತ್ತಾನೆ. ಹಿಂದೊಮ್ಮೆ ಹೀಗೇ ಹಿಡಿದಿದ್ದ, ಆಲ್ಬಮ್ ನೋಡಿದ ಬೀಗರು ನನಗೆ ಏನು ಕಾಯಿಲೆಯೆಂದು ಮರ್ಯಾದೆಯಿಂದ ವಿಚಾರಿಸಿದ್ದರು. ಈ ಸಲ ಅದಕ್ಕೆ ಆಸ್ಪದ ಕೊಡಬಾರದೆಂದು ನಿಶ್ಚಯಿಸಿದ್ದೆ.

ಉಪಾಯ ತಂದವಳು ಸೊಸೆ. ಸಣ್ಣ ಪ್ಯಾಕೆಟ್ಟು, ಒಳಗೆ ಉಗುರಿನಾಕಾರದ ಮರೂನ್ ಪಟ್ಟಿಗಳು.

"ಇದು ಹಚ್ಚೋದಲ್ಲ ಅತ್ತೆ, ಅಂಟ್ಸೋದು. ಸ್ಕೂಟರ್‌ಗೆ ಸ್ಟಿಕ್ಕರ್ ಹಾಕ್ತಾರಲ್ಲ, ಹಂಗೆ."

ಹಿಂಬದಿಯ ಸೂಚನೆಗಳನ್ನು ಅವಳು ಓದಿ ಹೇಳಿದಳು. ಉಗುರನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು, ಬುಡದಿಂದ ಒತ್ತುತ್ತಾ ಬರಬೇಕು, ತುದಿ ಮಡಿಸಿ ಉಜ್ಜಿ ಕತ್ತರಿಸಬೇಕು, ಆಮೇಲೆ ಆರು ಗಂಟೆ ಕಾಲ ನೀರೂ ಬಿಸಿಯೂ ಸೋಕಬಾರದು. ಮಗುವಿಗೆ ನಾಮಕರಣ ಮಾಡುವಾಗಲೂ ಇಷ್ಟು ನಿಯಮ ಇರಲಿಲ್ಲ. ಹೆಬ್ಬೆರಳಿಗೆ ಹೊಂದುವ ಪಟ್ಟಿ ಎರಡೇ ಇದ್ದವು. ಮುಕ್ಕಾಲು ಗಂಟೆಯಲ್ಲಿ ಹತ್ತೂ ಮುಗಿದವು. ಕೈ ನೋಡಿದರೆ ಬೇರೆ ಯಾರದೋ ಮನೆಯದನ್ನು ಕೇಳಿ ತಂದ ಹಾಗಿತ್ತು. ಚೆನ್ನಾಗಿತ್ತು.

ಒಂದು ಗಂಟೆಗೆ ನಮ್ಮ ಯಜಮಾನರು ಹೊಲದಿಂದ ಬಂದು ಊಟಕ್ಕೆ ಕೂತರು. ಮುದ್ದೆ ತಾನು ಮಾಡುತ್ತೇನೆಂದು ಸೊಸೆ ಎದ್ದಳು. ಅವರು ಬೇಡ ಎನ್ನಲಿಲ್ಲ. ಹಿಂದಿನ ವಾರ ಅವಳ ಮುದ್ದೆಯಲ್ಲಿ ಎಷ್ಟು ಗಂಟಿತ್ತೆಂಬುದನ್ನು ಮಾತ್ರ ನೆನಪಿಸಿಕೊಂಡರು. ನಾನೇ ಒಲೆಯ ಮುಂದೆ ಹೋದೆ. ಮುದ್ದೆ ಕಟ್ಟುವುದು ಒದ್ದೆ ಕೈಯಲ್ಲಿ, ಹಬೆಯಾಡುವಾಗಲೇ. ಪ್ಯಾಕೆಟ್ಟು ನಿಷೇಧಿಸಿದ್ದ ಎರಡೂ ಒಂದೇ ಏಟಿಗೆ ಆದವು.

ಅವರು ಎರಡು ಮುದ್ದೆ ಮುಗಿಸಿ ಕೈ ತೊಳೆದ ಮೇಲೆ ನನ್ನ ಬಲಗೈ ಹೆಬ್ಬೆರಳು ಬರಿದಾಗಿರುವುದು ಕಂಡಿತು. ಪಾತ್ರೆ, ಮಣೆ, ನೀರಿನ ಬಟ್ಟಲು ಎಲ್ಲ ಹುಡುಕಿದೆವು. ಕೊನೆಗೆ ಇಬ್ಬರೂ ಅವರ ಕಡೆ ತಿರುಗಿದೆವು. ಮುದ್ದೆಯನ್ನು ಅಗಿಯುವ ಪದ್ಧತಿ ನಮ್ಮಲ್ಲಿಲ್ಲ. ಗಂಟಲಲ್ಲಿ ಏನಾದರೂ ತಡೆಯಿತೇ ಎಂದು ಕೇಳಿದೆ.

"ಏನೋ ಒಂಚೂರು ತಡೀತು. ಕರಿಬೇವು ಅಂದ್ಕೊಂಡು ನುಂಗ್ದೆ ಕಣೇ."

ಸೊಸೆ ಗಾಬರಿಯಿಂದ ಪ್ಯಾಕೆಟ್ಟು ತಿರುಗಿಸಿ ನೋಡಿದಳು. ಮಕ್ಕಳ ಕೈಗೆ ಸಿಗದಂತೆ ಇಡಿ ಎಂದಷ್ಟೇ ಇತ್ತು. ಅರವತ್ತಾರು ವರ್ಷದವರ ಪ್ರಸ್ತಾಪ ಇರಲಿಲ್ಲ. ಅವರು ಎಂದಿನಂತೆ ಮಲಗಿ ನಿದ್ದೆ ಮಾಡಿದರು. ಉಳಿದಿದ್ದ ಪಟ್ಟಿಗಳೆಲ್ಲ ಕಿರುಬೆರಳಿನ ಅಳತೆಯವು. ಒಂಬತ್ತಿದ್ದರೆ ಸಾಕು, ಒಂದನ್ನು ಯಾರು ಎಣಿಸುತ್ತಾರೆ ಎಂದು ಸೊಸೆ ಸಮಾಧಾನ ಹೇಳಿದಳು, ನಾನೂ ಒಪ್ಪಿದೆ.

ತಟ್ಟೆ ಹಿಡಿದಾಗ ಎಂಟು ಬೆರಳು ತಟ್ಟೆಯ ಕೆಳಗೆ ಹೋಗುತ್ತವೆ. ಆಲ್ಬಮ್ಮಿನಲ್ಲಿ ನನ್ನ ಎರಡು ಹೆಬ್ಬೆರಳು ಕಾಣುತ್ತವೆ. ಎಡಗೈಯದು ಮರೂನ್, ಬಲಗೈಯದು ಕಪ್ಪು.