ರೆಲಿಕ್ಟ್ ಎಂಬ ಪದಕ್ಕೆ ಬರೆದ ಅರ್ಥ

ಹಳೆಯ ಇಂಗ್ಲಿಷ್ ಪತ್ರಗಳನ್ನು ಅನುವಾದಿಸುವ ಆ ಕಚೇರಿಯಲ್ಲಿ ಎಲ್ಲರೂ ಅವಳನ್ನು ಪದಕ್ಕ ಎಂದೇ ಕರೆಯುತ್ತಿದ್ದರು. ಇಪ್ಪತ್ತೆರಡು ವರ್ಷಗಳಿಂದ ಅದೇ ಮೇಜು, ಅಂಚು ಉದುರುವ ಅದೇ ಕ್ರಯಪತ್ರ, ಉಯಿಲುಗಳು. ನಿವೃತ್ತಿಗೆ ಹದಿನೆಂಟು ದಿನವಿತ್ತು. ಅದಕ್ಕಾಗಿ ಹಿಗ್ಗುವಷ್ಟು ಕಸುವೂ ಅವಳಲ್ಲಿ ಉಳಿದಿರಲಿಲ್ಲ.

ಅವತ್ತು ಹೊಲಿಗೆ ಕೆಲಸದ ಹೆಂಗಸೊಬ್ಬಳು ಬಂದಳು. ಅರವತ್ತು ದಾಟಿದವಳು, ತೋಳಿಗೆ ಬಣ್ಣಬಣ್ಣದ ದಾರದ ತುಣುಕುಗಳು ಅಂಟಿಕೊಂಡಿದ್ದವು. ಅನುವಾದದ ಒಂದು ಪ್ರತಿಯನ್ನು ಮೇಜಿನ ಮೇಲಿಟ್ಟು ಒಂದು ಸಾಲಿಗೆ ಬೆರಳೂರಿದಳು.

"ಇದನ್ನ ಬರೆದೋರು ಯಾರಮ್ಮ?"

"ನಾನೇ."

"ನಮ್ಮಜ್ಜೀನ ಗಂಡ ಬಿಟ್ಟೋಳು ಅಂತ ಬರೆದಿದ್ದೀರಲ್ಲ, ನೀವೇನು ಪಕ್ಕದ ಮನೇಲಿದ್ರಾ? ಅಜ್ಜ ಮೂರು ವರ್ಷ ಹಾಸಿಗೆ ಹಿಡಿದಿದ್ರು. ಎತ್ತಿ ಕೂರಿಸಿ ಉಣ್ಣಿಸಿದೋಳು ಅಜ್ಜಿ. ನಾನೀಗಿರೋ ಮನೇಲೇ ಅಜ್ಜ ತೀರ್ಕೊಂಡ್ರು. ಈಗ ಅಜ್ಜನ ತಮ್ಮನ ಮೊಮ್ಮಕ್ಕಳು ನಿಮ್ಮ ಸಾಲು ಹಿಡ್ಕೊಂಡು, ಬಿಟ್ಟ ಹೆಂಡತಿಗೆ ಎಲ್ಲೀ ಮನೆ, ಹೊರಡು ಅಂತಿದಾರೆ. ಸೋಮವಾರ ಕೋರ್ಟಲ್ಲಿ ವಿಚಾರಣೆ. ಮಿಷನ್ ತಲೆ ಮೇಲೆ ಹೊತ್ಕೊಂಡು ಎಲ್ಲಿಗೆ ಹೋಗ್ಲಿ ನಾನು?"

ಪದಕ್ಕ ಮೂಲಪತ್ರ ತರಿಸಿದಳು. ಅಜ್ಜಿಯ ಹೆಸರಿನ ಮುಂದೆ, ಬಡಗಿಯಾಗಿದ್ದ ಅಜ್ಜನ 'ರೆಲಿಕ್ಟ್' ಎಂದಿತ್ತು. ಮೇಲಧಿಕಾರಿಯ ಕೋಣೆಗೆ ಹೋಗಿ ಅಲ್ಲಿದ್ದ ಹೊಸ ದೊಡ್ಡ ನಿಘಂಟನ್ನು ತೆರೆದಳು. ಲ್ಯಾಟಿನ್ ಮೂಲದಲ್ಲಿ ಅದರ ಅರ್ಥ ಹಿಂದೆ ಉಳಿದದ್ದು. ಆಮೇಲೆ ಕೆಲವು ಶತಮಾನಗಳ ಕಾಲ ಉಯಿಲುಗಳಲ್ಲಿ, ಗೋರಿಕಲ್ಲುಗಳ ಮೇಲೆ, ಅದು ಸತ್ತವನ ಹೆಂಡತಿ. ಹೆಂಗಸರನ್ನು ಹಾಗೆ ಕರೆಯುವುದು ನಿಂತುಹೋಗಿ, ಈಗ ತನ್ನ ಕುಲವೆಲ್ಲ ಅಳಿದ ಮೇಲೂ ಎಲ್ಲೋ ಬದುಕಿರುವ ಗಿಡಕ್ಕೆ, ಸುತ್ತಲ ನೆಲ ಸವೆದರೂ ನಿಂತಿರುವ ಗುಡ್ಡಕ್ಕೆ ಪಂಡಿತರು ಬಳಸುವ ಮಾತು. ಗಂಡ ಬಿಟ್ಟವಳು ಎಂದು ಎಲ್ಲೂ ಇರಲಿಲ್ಲ.

ಅದನ್ನು ಬರೆದವಳು ಅವಳೇ. ಕೆಲಸಕ್ಕೆ ಸೇರಿದ ವರ್ಷ ಕಚೇರಿಯಲ್ಲಿದ್ದ ನಿಘಂಟಿನ ಆ ಪುಟ ಅರ್ಧ ಹರಿದಿತ್ತು. ಪದದ ಮೂಲವಷ್ಟೇ ಕಾಣುತ್ತಿತ್ತು. ಅದೇ ವರ್ಷ ಅವಳ ಗಂಡ ಎರಡು ಅಂಗಿಗಳನ್ನು ಚೀಲಕ್ಕೆ ತುರುಕಿಕೊಂಡು ಹೋದವನು ತಿರುಗಿ ಬಂದಿರಲಿಲ್ಲ. ಹಿಂದೆ ಉಳಿದ ಹೆಂಗಸು ಎಂದರೆ ಯಾರು ಎಂದು ಇನ್ನೊಬ್ಬರನ್ನು ಕೇಳಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ. ಕಚೇರಿಯ ಪದಪಟ್ಟಿಯಲ್ಲಿ ಗಂಡ ಬಿಟ್ಟವಳು ಎಂದು ದುಂಡಗೆ ಬರೆದಿಟ್ಟಳು. ಅಂದಿನಿಂದ ಎಲ್ಲರೂ ಪಟ್ಟಿ ನೋಡಿಯೇ ಬರೆದರು, ಅವಳೂ.

ಮೇಲಧಿಕಾರಿ ಅವಳಿಗಿಂತ ಚಿಕ್ಕವನು, ಮೆದು ಮನಸ್ಸಿನವನು. ಬಾಗಿಲು ಓರೆ ಮಾಡಿ ಹೇಳಿದ:

"ಅಕ್ಕಾ, ಇವರದೊಂದು ಟೈಪಿಂಗ್ ತಪ್ಪು ಅಂತ ತಿದ್ದಿಕೊಡಿ, ಸಾಕು. ಪಟ್ಟೀನೇ ತಪ್ಪು ಅಂದ್ರೆ ಜೇನುಗೂಡಿಗೆ ಕೈ ಹಾಕಿದ ಹಾಗೆ. ಹಳೇದೆಲ್ಲ ತೆಗೀಬೇಕು. ನಿಮ್ಮನ್ನೂ ಕೂರಿಸಿ ಕೇಳ್ತಾರೆ. ಹಾಯಾಗಿ ಮನೆಗೆ ಹೋಗೋ ಹೊತ್ತಲ್ಲಿ ಇದೆಲ್ಲ ಬೇಕಾ?"

"ಆ ಕಡೆ ವಕೀಲ ಸುಮ್ನಿರ್ತಾನಾ ಸಾರ್? ಇನ್ನೂ ಹತ್ತು ಪತ್ರ ತಂದು, ನೋಡಿ, ಇಲ್ಲೆಲ್ಲ ಹೀಗೇ ಇದೆ ಅಂತಾನೆ. ಇವಳ ಮನೆ ಹೋಗುತ್ತೆ."

"ಹಾಗಾದ್ರೆ ಪಟ್ಟಿ ಯಾರು ಮಾಡಿದ್ದೋ ಗೊತ್ತಿಲ್ಲ ಅನ್ನಿ."

"ಅಕ್ಷರ ನಂದೇ ಅಲ್ವಾ ಸಾರ್."

ಅವನು ಹಣೆ ತಿಕ್ಕಿಕೊಂಡ. ಪದಕ್ಕ ಮೇಜಿಗೆ ಮರಳಿ ಪತ್ರ ಬರೆದಳು: ಪದಪಟ್ಟಿಯ ಈ ಅರ್ಥ ತಪ್ಪು, ಸರಿಯಾದದ್ದು ವಿಧವೆ, ತಪ್ಪು ನನ್ನದು, ಇದೇ ತಪ್ಪಿರುವ ಉಳಿದ ಅನುವಾದಗಳನ್ನೂ ಹುಡುಕಿ ತಿದ್ದಬೇಕು. ಸಹಿ ಹಾಕಿ, ಮೊಹರು ಒತ್ತಿಸಿ, ಪ್ರತಿಯನ್ನು ಹೊಲಿಗೆಯವಳ ಕೈಗಿತ್ತಳು.

ಅವಳು ಎರಡು ಸಲ ಓದಿದಳು. ಸಿಟ್ಟು ಇಳಿದಿತ್ತು.

"ಅಲ್ಲಮ್ಮ, ಆಗ ಯಾಕೆ ಹಾಗೆ ಬರೆದ್ರಿ?"

"ನನ್ನ ಗಂಡ ನನ್ನನ್ನ ಬಿಟ್ಟುಹೋದ ವರ್ಷ ಅದು," ಎಂದಳು ಪದಕ್ಕ. ಆ ಕೋಣೆಯಲ್ಲಿ ಆ ಮಾತನ್ನು ಅವಳು ಎಂದೂ ಆಡಿರಲಿಲ್ಲ. ಆಡಿದ ಮೇಲೆ ಅಳುವೇನೂ ಬರಲಿಲ್ಲ, ಬರೀ ಸುಸ್ತು.

ಹೊಲಿಗೆಯವಳು ಕಾಗದವನ್ನು ನಾಲ್ಕಾಗಿ ಮಡಿಸಿ ಚೀಲದಲ್ಲಿಟ್ಟುಕೊಂಡಳು.

"ಸೋಮವಾರ ನಿಮ್ಮನ್ನೂ ಕರೆಸ್ತಾರಾ?"

"ಕರೆಸಬಹುದು."

"ಹಾಗಾದ್ರೆ ಬೇಗ ಬಂದ್ಬಿಡಿ. ಅಲ್ಲಿ ಇರೋದು ಒಂದೇ ಬೆಂಚು. ನಾನು ಜಾಗ ಹಿಡಿದಿರ್ತೀನಿ."